ಕೊನೆಗೆ ಸರಿಯಾಗಿ ನಡೆದದ್ದು ಯಾವುದು?

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಬಿಡಿಬಿಡಿಯಾಗಿ ಸಿಗುತ್ತದೆ. ಒಂದು ಅಂಗಡಿಯಲ್ಲಿ ಮದರ್‌ಬೋರ್ಡ್, ಮಹಡಿಯ ಮೇಲಿನ ಇನ್ನೊಂದರಲ್ಲಿ ಪ್ರೊಸೆಸರ್, ನಾಲ್ಕು ಬಾಗಿಲು ದಾಟಿದರೆ ಕ್ಯಾಬಿನೆಟ್ಟು, ಎಸ್‌ಎಂಪಿಎಸ್ಸು, ರ‍್ಯಾಮು. ಬಸವನಗುಡಿಯಿಂದಲೋ ಮಲ್ಲೇಶ್ವರದಿಂದಲೋ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದವರು, ಚಾಮರಾಜಪೇಟೆಯಿಂದ ಸ್ಕೂಟರಿನಲ್ಲಿ ಬಂದವರು, ದರ ವಿಚಾರಿಸಿ, ಚೌಕಾಸಿ ಮಾಡಿ, ಡಬ್ಬಗಳನ್ನು ಹೊತ್ತು ಮನೆಗೆ ಮರಳುತ್ತಾರೆ. ಸ್ಕ್ರೂ ಬಿಗಿದು, ವೈರು ಸಿಕ್ಕಿಸಿ, ಎಲ್ಲವನ್ನೂ ಇನ್ನೊಮ್ಮೆ ನೋಡಿ ಬಟನ್ ಒತ್ತುತ್ತಾರೆ. ಫ್ಯಾನ್ ತಿರುಗುತ್ತದೆ. ದೀಪ ಹತ್ತುತ್ತದೆ. ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ.

ಆಗ ಮನಸ್ಸಿಗೆ ಬರುವ ಮೊದಲ ಪ್ರಶ್ನೆ, ‘ಏನು ಹಾಳಾಗಿದೆ?’ ಈ ಪ್ರಶ್ನೆಗೆ ನೂರು ಉತ್ತರಗಳಿವೆ, ಆದ್ದರಿಂದಲೇ ಅದು ಕೆಲಸಕ್ಕೆ ಬರುವುದಿಲ್ಲ. ಅದರ ಬದಲು ‘ಕೊನೆಗೆ ಸರಿಯಾಗಿ ನಡೆದದ್ದು ಯಾವುದು?’ ಎಂದು ಕೇಳಿಕೊಳ್ಳಬೇಕು. ಕಂಪ್ಯೂಟರ್ ಒಂದೇ ಏಟಿಗೆ ಎಚ್ಚರವಾಗುವ ಯಂತ್ರವಲ್ಲ. ಅದರ ಏಳುವಿಕೆಗೆ ಕಟ್ಟುನಿಟ್ಟಾದ ಹಂತಗಳಿವೆ, ಪ್ರತಿ ಹಂತವೂ ತನ್ನದೊಂದು ಗುರುತು ಬಿಡುತ್ತದೆ. ಆ ಗುರುತುಗಳನ್ನು ಓದಲು ಬಂದರೆ, ತೊಂದರೆ ಎಲ್ಲಿದೆ ಎಂಬುದು ಯಂತ್ರವನ್ನು ಬಿಚ್ಚುವ ಮೊದಲೇ ಬಹುಪಾಲು ಗೊತ್ತಾಗುತ್ತದೆ.

ನಮ್ಮ ಹಳೆಯ ಮನೆಗಳಲ್ಲಿ ಒಡವೆ ಇಡುವ ಕ್ರಮವನ್ನು ನೆನೆಯಿರಿ. ಕೋಣೆಯ ಬೀಗದ ಕೈ ದೇವರ ಗೂಡಿನಲ್ಲಿ, ಬೀರುವಿನ ಕೈ ಕೋಣೆಯೊಳಗೆ, ಲಾಕರಿನ ಕೈ ಬೀರುವಿನಲ್ಲಿ ಮಡಿಸಿಟ್ಟ ಸೀರೆಗಳ ಕೆಳಗೆ. ಒಂದು ಬಾಗಿಲು ತೆರೆಯದೆ ಮುಂದಿನದರ ಕೈ ಸಿಗದು. ಕಂಪ್ಯೂಟರಿನ ಬೂಟ್ ಪ್ರಕ್ರಿಯೆಯೂ ಹೀಗೆಯೇ: ಪ್ರತಿ ಹಂತಕ್ಕೆ ಗೊತ್ತಿರುವುದು ಮುಂದಿನ ಹಂತ ಎಲ್ಲಿದೆ ಎಂಬ ಒಂದೇ ಸಂಗತಿ.

ಇಪ್ಪತ್ತನಾಲ್ಕು ಬೈಟ್

ಇಂಥ ಏರ್ಪಾಡು ಏಕೆ ಬೇಕಾಯಿತು ಎಂದು ತಿಳಿಯಲು ಮಲ್ಲೇಶ್ವರದ ಆಚೆ ಬದಿಗಿರುವ ಭಾರತೀಯ ವಿಜ್ಞಾನ ಸಂಸ್ಥೆಯತ್ತ ಹೋಗೋಣ. ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಊರಿನ ಹಿರಿಯರು ಕರೆಯುವ ಈ ಸಂಸ್ಥೆಯ ಕಂಪ್ಯೂಟರ್ ಕೇಂದ್ರದಲ್ಲಿ 1970ರ ದಶಕದಲ್ಲಿ ಇದ್ದದ್ದು ಐಬಿಎಂ 360/44. ಐಬಿಎಂ ಕಂಪನಿ 360 ಸರಣಿಯನ್ನು ಲೋಕಕ್ಕೆ ಪರಿಚಯಿಸಿದ್ದು 1964ರಲ್ಲಿ. ಆ ಸರಣಿಯ ಯಂತ್ರವನ್ನು ಎಬ್ಬಿಸುವ ವಿಧಾನ ಇವತ್ತಿಗೂ ಕಲಿಯಲು ಯೋಗ್ಯ. ಯಾವ ಸಾಧನದಿಂದ ಓದಬೇಕು ಎಂಬುದನ್ನು ಆಪರೇಟರ್ ಮುಂಭಾಗದ ಫಲಕದಲ್ಲಿ ಗುಂಡಿ ತಿರುಗಿಸಿ ಆರಿಸುತ್ತಿದ್ದ, ಆಮೇಲೆ ‘ಲೋಡ್’ ಬಟನ್ ಒತ್ತುತ್ತಿದ್ದ. ಯಂತ್ರ ಆ ಸಾಧನದಿಂದ ಮೊದಲು ಓದುತ್ತಿದ್ದದ್ದು ಬರೀ 24 ಬೈಟ್. ಅದರಲ್ಲಿ 8 ಬೈಟ್, ಓದುವ ಕೆಲಸ ಮುಗಿದ ಮೇಲೆ ಪ್ರೊಸೆಸರ್ ಎಲ್ಲಿಂದ ಕೆಲಸ ಶುರುಮಾಡಬೇಕು ಎಂಬುದನ್ನು ಹೇಳುತ್ತಿತ್ತು. ಉಳಿದ 16 ಬೈಟ್, ಮುಂದೆ ಇನ್ನೇನನ್ನು ಓದಬೇಕು ಎಂಬ ಎರಡು ಆಜ್ಞೆಗಳು. ಅಷ್ಟರಿಂದ ಶುರುವಾಗಿ ಇಡೀ ಕಾರ್ಯಾಚರಣಾ ವ್ಯವಸ್ಥೆ ಹಂತಹಂತವಾಗಿ ಮೆಮೊರಿಗೆ ಬಂದು ಕೂರುತ್ತಿತ್ತು.

ಸಮಸ್ಯೆ ಸರಳವಾದದ್ದು, ಆದರೆ ಆಳವಾದದ್ದು. ಪ್ರೊಸೆಸರಿಗೆ ಕೆಲಸ ಮಾಡಲು ಪ್ರೋಗ್ರಾಂ ಬೇಕು. ಪ್ರೋಗ್ರಾಂ ಇರುವುದು ಡಿಸ್ಕಿನಲ್ಲಿ. ಡಿಸ್ಕಿನಿಂದ ಓದಲೂ ಒಂದು ಪ್ರೋಗ್ರಾಂ ಬೇಕು. ಈ ಸುಳಿಯಿಂದ ಹೊರಬರಲು, ಕರೆಂಟ್ ಹೋದರೂ ಅಳಿಯದ ಒಂದು ಚಿಕ್ಕ ಪ್ರೋಗ್ರಾಂ ಯಂತ್ರದೊಳಗೇ ಇರಬೇಕು, ಇಲ್ಲವೇ ಮನುಷ್ಯನೇ ಅದನ್ನು ಒಳಗೆ ಹಾಕಬೇಕು. 1975ರ ಆಲ್ಟೇರ್ 8800 ಕೊಂಡ ಹವ್ಯಾಸಿಗಳು ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡುತ್ತ ಆ ಪ್ರೋಗ್ರಾಮನ್ನು ಬೈಟ್ ಬೈಟಾಗಿ ತುಂಬುತ್ತಿದ್ದರು. 1981ರ ಆಗಸ್ಟಿನಲ್ಲಿ ಬಂದ ಐಬಿಎಂ ಪಿಸಿ ಆ ಪ್ರೋಗ್ರಾಮನ್ನು ಬೋರ್ಡಿನ ಚಿಪ್ಪಿನೊಳಗೇ ಇಟ್ಟುಕೊಂಡು ಬಂತು. ಅದೇ ಬಯಾಸ್. ಇಂದು ನೀವು ಕೊಳ್ಳುವ ಮದರ್‌ಬೋರ್ಡಿನಲ್ಲೂ ಅಂಥದೊಂದು ಪುಟ್ಟ ಫ್ಲ್ಯಾಶ್ ಚಿಪ್ ಇದೆ, ಸಾಮಾನ್ಯವಾಗಿ 16 ಅಥವಾ 32 ಮೆಗಾಬೈಟಿನದು. ಅದರಲ್ಲಿ ಕೂತಿರುವುದು ಬಯಾಸಿನ ಉತ್ತರಾಧಿಕಾರಿಯಾದ ಯುಇಎಫ್‌ಐ. ಅಂಗಡಿಯವರೂ ನಾವೂ ಬಾಯಿಮಾತಿನಲ್ಲಿ ಅದನ್ನು ಬಯಾಸ್ ಎಂದೇ ಕರೆಯುತ್ತೇವೆ.

ಮೊದಲು ವಿದ್ಯುತ್ತು

ಬಟನ್ ಒತ್ತಿದಾಗ ನೀವು ಕರೆಂಟನ್ನು ಹರಿಯಬಿಡುವುದಿಲ್ಲ, ಒಂದು ಸೂಚನೆ ಕೊಡುತ್ತೀರಿ, ಅಷ್ಟೆ. ಗೋಡೆಯ ಸ್ವಿಚ್ ಹಾಕಿದಾಗಿನಿಂದಲೇ ಎಸ್‌ಎಂಪಿಎಸ್ ಮದರ್‌ಬೋರ್ಡಿಗೆ 5 ವೋಲ್ಟಿನ ಒಂದು ಸಣ್ಣ ಧಾರೆಯನ್ನು ಕೊಡುತ್ತಿರುತ್ತದೆ. ಬಟನ್ ಒತ್ತಿದೊಡನೆ ಬೋರ್ಡ್ ಎಸ್‌ಎಂಪಿಎಸ್ಸಿಗೆ ‘ಪೂರ್ತಿ ಶುರುಮಾಡು’ ಎನ್ನುತ್ತದೆ. ಆಗ 12, 5 ಮತ್ತು 3.3 ವೋಲ್ಟಿನ ದಾರಿಗಳು ತೆರೆದುಕೊಳ್ಳುತ್ತವೆ. ಅವೆಲ್ಲ ನೆಲೆಗೊಂಡ ಮೇಲೆ, ಸೆಕೆಂಡಿನ ಹತ್ತನೇ ಒಂದು ಭಾಗದಿಂದ ಅರ್ಧ ಸೆಕೆಂಡಿನೊಳಗೆ, ಎಸ್‌ಎಂಪಿಎಸ್ ‘ವಿದ್ಯುತ್ತು ಸರಿಯಿದೆ’ ಎಂಬ ಸಂಕೇತ ಕಳಿಸುತ್ತದೆ. ಈ ಸಂಕೇತ ಬರುವವರೆಗೆ ಪ್ರೊಸೆಸರ್ ತಡೆಹಿಡಿದ ಸ್ಥಿತಿಯಲ್ಲೇ ಇರುತ್ತದೆ.

ಫ್ಯಾನ್ ತಿರುಗಿದ ಮಾತ್ರಕ್ಕೆ ಪ್ರೊಸೆಸರಿಗೆ ವಿದ್ಯುತ್ತು ತಲುಪಿದೆ ಎಂದಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಬೋರ್ಡಿನ ಅಗಲವಾದ 24 ಪಿನ್ನಿನ ಕನೆಕ್ಟರ್ ಒಂದು ದಾರಿ, ಮೇಲಿನ ಮೂಲೆಯಲ್ಲಿ ಪ್ರೊಸೆಸರಿಗೆಂದೇ ಇರುವ 8 ಪಿನ್ನಿನ ಕನೆಕ್ಟರ್ ಇನ್ನೊಂದು. ಮನೆಯಲ್ಲಿ ಜೋಡಿಸುವವರು ಮರೆಯುವುದು ಎರಡನೆಯದನ್ನೇ. ಅದು ಕ್ಯಾಬಿನೆಟ್ಟಿನ ಸಂದಿಯಲ್ಲಿ ಅಡಗಿರುತ್ತದೆ. ಸಿಕ್ಕಿಸದಿದ್ದರೂ ಫ್ಯಾನುಗಳು ತಿರುಗುತ್ತವೆ, ದೀಪಗಳು ಉರಿಯುತ್ತವೆ, ಪ್ರೊಸೆಸರ್ ಮಾತ್ರ ಏಳುವುದಿಲ್ಲ.

ಹಳೇ ಬಡಾವಣೆಗಳ ಮನೆಗಳಲ್ಲಿ ಇನ್ನೊಂದು ವಿಷಯವನ್ನು ಗಮನಿಸಲೇಬೇಕು. ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದದ್ದು 1905ರಲ್ಲಿ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳು ಅದಕ್ಕೂ ಮೊದಲೇ ರೂಪುಗೊಂಡ ಬಡಾವಣೆಗಳು. ಅಲ್ಲಿ ಉಳಿದಿರುವ ಹಳೆಯ ಮನೆಗಳಲ್ಲಿ ತಲೆಮಾರುಗಳ ವೈರಿಂಗ್ ಒಂದರ ಮೇಲೊಂದು ಕೂತಿರುತ್ತದೆ. ಸಾಕೆಟ್ಟಿಗೆ ಮೂರು ತೂತು ಇದ್ದರೂ ಮೇಲಿನ ದೊಡ್ಡ ತೂತಿಗೆ ಅರ್ಥಿಂಗ್ ತಂತಿ ಬಂದಿರುವುದಿಲ್ಲ. ಎಸ್‌ಎಂಪಿಎಸ್ಸಿನೊಳಗೆ ವಿದ್ಯುತ್ ಗದ್ದಲವನ್ನು ಸೋಸುವ ಎರಡು ಕೆಪಾಸಿಟರುಗಳು ಫೇಸ್ ಮತ್ತು ನ್ಯೂಟ್ರಲ್‌ಗಳಿಂದ ಲೋಹದ ಡಬ್ಬಿಗೆ ಜೋಡಿಸಿಕೊಂಡಿರುತ್ತವೆ. ಅರ್ಥಿಂಗ್ ಇದ್ದರೆ ಅಲ್ಲಿಗೆ ಬಂದ ವಿದ್ಯುತ್ತು ನೆಲ ಸೇರುತ್ತದೆ. ಇಲ್ಲದಿದ್ದರೆ 230 ವೋಲ್ಟಿನ ಅರ್ಧದಷ್ಟು, ಸುಮಾರು 115 ವೋಲ್ಟ್, ಕ್ಯಾಬಿನೆಟ್ಟಿನ ಮೈಮೇಲೆ ನಿಲ್ಲುತ್ತದೆ. ಮುಟ್ಟಿದರೆ ಜುಮ್ ಎನ್ನುವುದು, ಟೆಸ್ಟರ್ ಮಿಣುಕುವುದು ಇದರಿಂದಲೇ. ಹರಿಯುವ ಕರೆಂಟ್ ತೀರ ಕಡಿಮೆ, ಆದರೂ ಕೇಬಲ್ ಸಿಕ್ಕಿಸುವ ಹೊತ್ತಿನಲ್ಲಿ ಅದು ಪೋರ್ಟುಗಳ ಮೂಲಕ ಹರಿದು ಚಿಪ್ಪುಗಳನ್ನು ಕೆಡಿಸಬಲ್ಲದು. ಹೊಸ ಕಂಪ್ಯೂಟರಿಗೆ ದುಡ್ಡು ಹಾಕುವ ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥಿಂಗ್ ನೋಡಿಸುವುದು ಜಾಣತನ.

ಕಪ್ಪು ಪರದೆಯ ಹಿಂದೆ

ವಿದ್ಯುತ್ತು ಸರಿಯಿದೆ ಎಂದುಕೊಳ್ಳೋಣ. ಪ್ರೊಸೆಸರ್ ಎಚ್ಚರಗೊಂಡು ಮೊದಲ ಆಜ್ಞೆಗಾಗಿ ಒಂದು ನಿಗದಿತ ವಿಳಾಸಕ್ಕೆ ಹೋಗುತ್ತದೆ. ಮೂಲ ಐಬಿಎಂ ಪಿಸಿಯಲ್ಲಿ ಅದು 1 ಮೆಗಾಬೈಟಿನ ಗಡಿಗೆ 16 ಬೈಟ್ ಕೆಳಗಿತ್ತು, ಇಂದಿನ ಯಂತ್ರಗಳಲ್ಲಿ 4 ಗಿಗಾಬೈಟಿನ ಗಡಿಗೆ 16 ಬೈಟ್ ಕೆಳಗಿದೆ. ಆ ವಿಳಾಸದಲ್ಲಿರುವುದು ಬಯಾಸ್ ಚಿಪ್ಪಿನ ಪ್ರೋಗ್ರಾಂ. ಎಎಂಡಿಯ ರೈಜೆನ್ ಯಂತ್ರಗಳಲ್ಲಿ ಇದಕ್ಕೂ ಮೊದಲೇ, ಪ್ರೊಸೆಸರಿನೊಳಗಿರುವ ಪುಟ್ಟ ಭದ್ರತಾ ಪ್ರೊಸೆಸರ್ ಎದ್ದು ಸಿದ್ಧತೆ ನಡೆಸುತ್ತದೆ.

ಮುಂದಿನದು ಇಡೀ ಪ್ರಕ್ರಿಯೆಯ ಅತ್ಯಂತ ಸೂಕ್ಷ್ಮ ಹಂತ: ರ‍್ಯಾಮಿನೊಡನೆ ಮಾತು ಕುದುರಿಸುವುದು. ಡಬ್ಬದ ಮೇಲೆ ಡಿಡಿಆರ್5-6000 ಎಂದು ಬರೆದಿರುತ್ತದಲ್ಲ, ಒಂದೊಂದು ತಂತಿಯ ಮೇಲೂ ಸೆಕೆಂಡಿಗೆ 600 ಕೋಟಿ ಬಿಟ್‌ಗಳು ಓಡುತ್ತವೆ ಎಂದು ಅದರ ಅರ್ಥ. ಒಂದು ಬಿಟ್ಟಿಗೆ ಸಿಗುವ ಕಾಲ ಸುಮಾರು 167 ಪಿಕೊಸೆಕೆಂಡ್. ಆ ಅವಧಿಯಲ್ಲಿ ಬೆಳಕು ನಿರ್ವಾತದಲ್ಲಿ ಕ್ರಮಿಸುವ ದೂರ ಬರೀ 5 ಸೆಂಟಿಮೀಟರ್, ಬೋರ್ಡಿನ ತಾಮ್ರದ ಗೆರೆಯಲ್ಲಿ ಸಂಕೇತ ಓಡುವುದು ಅದರ ಅರ್ಧದಷ್ಟು. ಒಂದು ಗೆರೆ ಇನ್ನೊಂದಕ್ಕಿಂತ ಕೆಲವೇ ಮಿಲಿಮೀಟರ್ ಉದ್ದವಿದ್ದರೂ ಬಿಟ್‌ಗಳು ಹೊತ್ತು ತಪ್ಪಿ ತಲುಪುತ್ತವೆ. ಆದ್ದರಿಂದ ಯಂತ್ರ ಪ್ರತಿ ಗೆರೆಯ ಮೇಲೂ ಗೊತ್ತಿರುವ ಮಾದರಿಗಳನ್ನು ಕಳಿಸಿ, ಮರಳಿ ಓದಿ, ಎಷ್ಟು ತಡಮಾಡಿ ಕೇಳಿಸಿಕೊಂಡರೆ ಸರಿಯಾಗಿ ಕೇಳುತ್ತದೆ ಎಂದು ಅಳೆದುಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೇನಿಂಗ್ ಎನ್ನುತ್ತಾರೆ.

ಹೊಸದಾಗಿ ಜೋಡಿಸಿದ ಡಿಡಿಆರ್5 ಯಂತ್ರದಲ್ಲಿ ಮೊದಲ ಸಲ ಈ ಕೆಲಸಕ್ಕೆ ಹಲವು ನಿಮಿಷಗಳೇ ಹಿಡಿಯಬಹುದು. ಆ ಹೊತ್ತಿನಲ್ಲಿ ಪರದೆಯ ಮೇಲೆ ಏನೂ ಬರುವುದಿಲ್ಲ, ಚಿತ್ರ ಬರೆಯುವ ಹಂತವೇ ಇನ್ನೂ ಬಂದಿಲ್ಲ. ಯಂತ್ರ ತಾನೇ ಆರಿ ಮತ್ತೆ ಹತ್ತುವುದೂ ಉಂಟು. ಕೆಟ್ಟಿದೆ ಎಂದುಕೊಂಡು ನಡುವೆಯೇ ಸ್ವಿಚ್ ಆರಿಸಿದರೆ ಅಳತೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಆದ್ದರಿಂದ ಕಪ್ಪು ಪರದೆಗೆ ಮೊದಲ ಔಷಧ, ಹತ್ತು ಹದಿನೈದು ನಿಮಿಷ ಸುಮ್ಮನೆ ಕಾಯುವುದು. ಒಮ್ಮೆ ಅಳತೆ ಸಿಕ್ಕಿದರೆ ಯಂತ್ರ ಅದನ್ನು ನೆನಪಿಟ್ಟುಕೊಳ್ಳುತ್ತದೆ, ಮುಂದಿನ ಸಲ ಬೇಗ ಏಳುತ್ತದೆ.

ಕಾದರೂ ಬರಲಿಲ್ಲವೇ? ಇಂದಿನ ಬಹುತೇಕ ಬೋರ್ಡುಗಳ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂಬ ನಾಲ್ಕು ಪುಟ್ಟ ಎಲ್‌ಇಡಿ ದೀಪಗಳಿರುತ್ತವೆ. ಯಾವುದು ಉರಿದು ನಿಂತಿದೆಯೋ ಅಲ್ಲಿಯೇ ಯಂತ್ರ ನಿಂತಿದೆ.

ಡಿರ‍್ಯಾಮ್ ದೀಪ ನಿಂತಿದ್ದರೆ, ರ‍್ಯಾಮನ್ನು ಬಿಚ್ಚಿ ಒಂದೇ ಕಡ್ಡಿಯನ್ನು, ಪ್ರೊಸೆಸರ್ ಕಡೆಯಿಂದ ಎಣಿಸಿದರೆ ಎರಡನೆಯದಾದ ಸ್ಲಾಟಿನಲ್ಲಿ, ಎರಡೂ ತುದಿ ಕಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಹಳೆಯ ರ‍್ಯಾಮಾದರೆ ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಮೆಲ್ಲಗೆ ಉಜ್ಜುವ ರಿಪೇರಿಯವರ ಪದ್ಧತಿಗೂ ಅರ್ಥವಿದೆ, ಸಂಪರ್ಕಕ್ಕೆ ಅಡ್ಡವಾದ ಕೊಳೆಯ ಪದರ ಹೋಗುತ್ತದೆ. ಸಿಪಿಯು ದೀಪ ನಿಂತಿದ್ದರೆ, 8 ಪಿನ್ನಿನ ಕನೆಕ್ಟರನ್ನೂ ಬಯಾಸ್ ಆವೃತ್ತಿಯನ್ನೂ ನೋಡಬೇಕು. 2021ರ ಕೊನೆಗೆ ಬಂದ ಇಂಟೆಲ್ 600 ಸರಣಿಯ ಬೋರ್ಡುಗಳಲ್ಲಿ 2022ರ 13ನೇ ತಲೆಮಾರಿನ ಪ್ರೊಸೆಸರ್ ಕೂರುತ್ತದೆ, ಆದರೆ ಹಳೆಯ ಬಯಾಸಿಗೆ ಅದರ ಪರಿಚಯವಿಲ್ಲ. ಅಂಗಡಿಯ ಕಪಾಟಿನಲ್ಲಿ ಬಹಳ ದಿನ ಕೂತ ಬೋರ್ಡಾದರೆ ಈ ಅನುಮಾನ ಮೊದಲು ಬರಬೇಕು. ಕೆಲವು ಬೋರ್ಡುಗಳಿಗೆ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವಿನಿಂದ ಹೊಸ ಬಯಾಸ್ ಹಾಕಬಹುದು. ಯುಪಿಎಸ್ ಇಲ್ಲದೆ ಮಾತ್ರ ಈ ಕೆಲಸಕ್ಕೆ ಕೈಹಾಕಬೇಡಿ. ಮಳೆಗಾಲದ ಸಂಜೆ ನಡುವೆಯೇ ಕರೆಂಟ್ ಹೋದರೆ ಅರ್ಧ ಬರೆದ ಬಯಾಸ್ ಇಡೀ ಬೋರ್ಡನ್ನೇ ಮೂಕವಾಗಿಸಬಹುದು.

ವಿಜಿಎ ದೀಪ ನಿಂತಿದ್ದರೆ, ಅಥವಾ ಎಲ್ಲ ದೀಪಗಳೂ ಆರಿ ಯಂತ್ರ ಓಡುತ್ತಿದ್ದರೂ ಪರದೆ ಕಪ್ಪಾಗಿದ್ದರೆ, ಮಾನಿಟರಿನ ಕೇಬಲ್ ಎಲ್ಲಿದೆ ನೋಡಿ. ಇಂಟೆಲ್‌ನ ಹೆಸರಿನ ಕೊನೆಗೆ ‘ಎಫ್’ ಇರುವ ಪ್ರೊಸೆಸರುಗಳಲ್ಲಿ, ಎಎಂಡಿಯ ರೈಜೆನ್ 5000 ಸರಣಿಯ ‘ಜಿ’ ಇಲ್ಲದ ಪ್ರೊಸೆಸರುಗಳಲ್ಲಿ ಚಿತ್ರ ಬರೆಯುವ ಭಾಗವೇ ಇಲ್ಲ. ಅಂಥಲ್ಲಿ ಮದರ್‌ಬೋರ್ಡಿನ ಎಚ್‌ಡಿಎಂಐ ಪೋರ್ಟಿಗೆ ಕೇಬಲ್ ಹಾಕಿದರೆ ಎಷ್ಟು ಕಾದರೂ ಏನೂ ಬಾರದು. ಕೇಬಲ್ ಹೋಗಬೇಕಾದ್ದು ಗ್ರಾಫಿಕ್ಸ್ ಕಾರ್ಡಿಗೆ.

ಹಳೆಯ ಡಿಸ್ಕು, ಹೊಸ ಬೋರ್ಡು

ಪರದೆಯ ಮೇಲೆ ಬೋರ್ಡಿನ ಕಂಪನಿಯ ಚಿಹ್ನೆ ಕಂಡಿತು ಎಂದರೆ ವಿದ್ಯುತ್ತು, ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ನಾಲ್ಕೂ ಪಾಸಾದವು. ಇನ್ನು ಬರುವ ತೊಂದರೆಗೆ ಅವುಗಳನ್ನು ಬಿಚ್ಚಿ ನೋಡಬೇಕಾದ್ದು ತೀರ ಅಪರೂಪ. ಇದನ್ನು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಂಡರೆ ಅರ್ಧ ಗಾಬರಿ ಇಳಿಯುತ್ತದೆ.

ಈಗ ಯುಇಎಫ್‌ಐ ಕಾರ್ಯಾಚರಣಾ ವ್ಯವಸ್ಥೆಯನ್ನು ಹುಡುಕಬೇಕು. ಮನೆಗಳಲ್ಲಿ ಅತಿ ಹೆಚ್ಚು ತೊಡಕು ಹುಟ್ಟುವುದು ಇಲ್ಲಿ. ಅದಕ್ಕೆ ಮುಖ್ಯ ಕಾರಣ, ಹೊಸ ಯಂತ್ರಕ್ಕೆ ನಾವು ಹಳೆಯ ಡಿಸ್ಕನ್ನು ಹಾಕುತ್ತೇವೆ. ಅದರಲ್ಲಿ ಮನೆಯ ಮದುವೆ, ಮುಂಜಿ, ಗೃಹಪ್ರವೇಶದ ಫೋಟೊಗಳಿರುತ್ತವೆ. ಡಿಟಿಪಿ ಕೆಲಸ ಮಾಡುವವರಾದರೆ ನುಡಿ, ಬರಹ ತಂತ್ರಾಂಶಗಳ ಕಾಲದಲ್ಲಿ ಬೆರಳಚ್ಚಿಸಿದ ಪುಸ್ತಕಗಳೂ ಲಗ್ನಪತ್ರಿಕೆಗಳೂ ಇರುತ್ತವೆ. ಹಳೆಯ ಯಂತ್ರದಲ್ಲಿ ಚೆನ್ನಾಗಿ ಓಡುತ್ತಿದ್ದ ಡಿಸ್ಕು ಹೊಸದರಲ್ಲಿ ‘ನೋ ಬೂಟಬಲ್ ಡಿವೈಸ್’ ಎನ್ನುತ್ತದೆ. ಡಿಸ್ಕ್ ಸತ್ತಿತು ಎಂದು ಜನ ಎದೆ ಒಡೆದುಕೊಳ್ಳುತ್ತಾರೆ. ಸಾಮಾನ್ಯವಾಗಿ ಡಿಸ್ಕಿಗೆ ಏನೂ ಆಗಿರುವುದಿಲ್ಲ.

ಆಗಿರುವುದು ಪದ್ಧತಿಯ ಬದಲಾವಣೆ. ಹಳೆಯ ಬಯಾಸ್ ಡಿಸ್ಕಿನ ಮೊಟ್ಟಮೊದಲ 512 ಬೈಟ್‌ಗಳನ್ನು ಮಾತ್ರ ಓದುತ್ತಿತ್ತು. ಇದರ ಹೆಸರು ಎಂಬಿಆರ್. ಅದರಲ್ಲಿ ಪ್ರೋಗ್ರಾಮಿಗೆ 446 ಬೈಟ್, ಡಿಸ್ಕಿನ ನಾಲ್ಕು ಭಾಗಗಳ ವಿವರಕ್ಕೆ ತಲಾ 16ರಂತೆ 64 ಬೈಟ್, ಕೊನೆಯ 2 ಬೈಟ್ ಗುರುತಿನ ಮುದ್ರೆ. ವಿಳಾಸ ಬರೆಯಲು 32 ಬಿಟ್ ಮಾತ್ರ ಇದ್ದುದರಿಂದ ಸುಮಾರು 2.2 ಟೆರಾಬೈಟಿನ ಆಚೆಗೆ ಅದರ ಕಣ್ಣು ಹರಿಯುತ್ತಿರಲಿಲ್ಲ. ಯುಇಎಫ್‌ಐ ಬೇರೆ ದಾರಿ ಹಿಡಿಯಿತು. ಇಂಟೆಲ್ ತನ್ನ ಇಟಾನಿಯಂ ಯಂತ್ರಗಳಿಗಾಗಿ 1990ರ ದಶಕದ ಕೊನೆಗೆ ಶುರುಮಾಡಿದ ಈ ಕೆಲಸವನ್ನು 2005ರಿಂದ ಹಲವು ಕಂಪನಿಗಳ ಒಕ್ಕೂಟ ಮುಂದುವರಿಸಿತು. ಹೊಸ ಪದ್ಧತಿಯಲ್ಲಿ ಡಿಸ್ಕಿನ ನಕ್ಷೆಯ ಹೆಸರು ಜಿಪಿಟಿ. ವಿಳಾಸಕ್ಕೆ 64 ಬಿಟ್, ಸಾಮಾನ್ಯವಾಗಿ 128 ವಿಭಾಗಗಳಿಗೆ ಜಾಗ, ನಕ್ಷೆಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲಿ. ಬೂಟ್ ಮಾಡುವ ಫೈಲುಗಳಿಗೆಂದೇ ಚಿಕ್ಕದೊಂದು ಇಎಫ್‌ಐ ವಿಭಾಗವೂ ಇರುತ್ತದೆ.

ಹಳೆಯ ಪದ್ಧತಿಯ ಡಿಸ್ಕುಗಳಿಗೆಂದು ಬೋರ್ಡುಗಳಲ್ಲಿ ಸಿಎಸ್‌ಎಂ ಎಂಬ ಸೌಲಭ್ಯ ಬಹುಕಾಲ ಇತ್ತು. ಈಚಿನ ಬೋರ್ಡುಗಳು ಅದನ್ನು ಮುಚ್ಚಿಯೇ ಬರುತ್ತವೆ, ಕೆಲವದರಲ್ಲಿ ಅದು ಇಲ್ಲವೇ ಇಲ್ಲ. ಹೀಗಿರುವಾಗ ಎಂಬಿಆರ್ ಪದ್ಧತಿಯಲ್ಲಿ ವಿಂಡೋಸ್ ಹಾಕಿದ್ದ ಡಿಸ್ಕನ್ನು ಹೊಸ ಬೋರ್ಡ್ ಗುರುತಿಸುತ್ತದೆ, ಆದರೆ ಬೂಟ್ ಮಾಡುವುದಿಲ್ಲ. ವಿಂಡೋಸ್ 10 ಇದ್ದರೆ, ಪೂರ್ತಿ ಬ್ಯಾಕಪ್ ತೆಗೆದುಕೊಂಡ ಮೇಲೆ, ಮೈಕ್ರೊಸಾಫ್ಟ್ 2017ರಲ್ಲಿ ಕೊಟ್ಟ ಎಂಬಿಆರ್2ಜಿಪಿಟಿ ಎಂಬ ಸಾಧನದಿಂದ ಡಿಸ್ಕನ್ನು ಹೊಸ ಪದ್ಧತಿಗೆ ತರಬಹುದು. ಎಕ್ಸ್‌ಪಿ, ವಿಂಡೋಸ್ 7ರ ಡಿಸ್ಕಾದರೆ ಅದನ್ನು ಬೂಟ್ ಮಾಡಿಸಲು ಹೆಣಗುವ ಬದಲು, ಹೊಸ ಎಸ್‌ಎಸ್‌ಡಿಯಲ್ಲಿ ಹೊಸ ವ್ಯವಸ್ಥೆ ಹಾಕಿ, ಹಳೆಯದನ್ನು ಎರಡನೇ ಡಿಸ್ಕಾಗಿ ಜೋಡಿಸಿ ಫೈಲುಗಳನ್ನು ನಕಲಿಸಿಕೊಳ್ಳುವುದೇ ಲೇಸು. ಆ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೆ, ಇನಿಷಿಯಲೈಸ್ ಮಾಡಬೇಕೆ ಎಂದು ಯಾವ ತಂತ್ರಾಂಶ ಕೇಳಿದರೂ ‘ಬೇಡ’ ಎನ್ನಿ.

ಇಲ್ಲಿ ಇನ್ನೊಂದು ಬಲೆ ಇದೆ. ವಿಂಡೋಸ್ ಹಾಕುವಾಗ ಹೊಸ ಎಸ್‌ಎಸ್‌ಡಿಯ ಜೊತೆಗೆ ಹಳೆಯ ಡಿಸ್ಕೂ ಜೋಡಿಸಿಕೊಂಡಿದ್ದು, ಅದರಲ್ಲಿ ಆಗಲೇ ಒಂದು ಇಎಫ್‌ಐ ವಿಭಾಗವಿದ್ದರೆ, ಇನ್‌ಸ್ಟಾಲರ್ ಬೂಟ್ ಫೈಲುಗಳನ್ನು ಅಲ್ಲಿಯೇ ಇಟ್ಟುಬಿಡುವುದುಂಟು. ವಿಂಡೋಸ್ ಹೊಸ ಡಿಸ್ಕಿನಲ್ಲಿ, ಅದಕ್ಕೆ ದಾರಿ ತೋರಿಸುವ ಫೈಲು ಹಳೆಯದರಲ್ಲಿ. ತಿಂಗಳುಗಟ್ಟಲೆ ಎಲ್ಲವೂ ಸರಿಯಾಗಿ ನಡೆಯುತ್ತದೆ. ಒಂದು ದಿನ ಹಳೆಯ ಡಿಸ್ಕನ್ನು ತೆಗೆದೊಡನೆ ಕಂಪ್ಯೂಟರ್ ಏಳುವುದಿಲ್ಲ. ವಿಂಡೋಸ್ ಇರುವ ಡಿಸ್ಕನ್ನು ಮುಟ್ಟೇ ಇಲ್ಲವಲ್ಲ ಎಂದು ಮನೆಯವರಿಗೆ ದಿಗ್ಭ್ರಮೆ. ಪೆನ್‌ಡ್ರೈವಿನಿಂದ ರಿಪೇರಿ ಕ್ರಮಕ್ಕೆ ಹೋಗಿ, ಹೊಸ ಡಿಸ್ಕಿನಲ್ಲೇ ಇಎಫ್‌ಐ ವಿಭಾಗ ಮಾಡಿ, ಬಿಸಿಡಿಬೂಟ್ ಎಂಬ ಆಜ್ಞೆಯಿಂದ ಬೂಟ್ ಫೈಲುಗಳನ್ನು ಮತ್ತೆ ಬರೆಸಿದರೆ ಸರಿಹೋಗುತ್ತದೆ. ಇದಕ್ಕಿಂತ ಸುಲಭ, ವಿಂಡೋಸ್ ಹಾಕುವಾಗ ಯಾವ ಡಿಸ್ಕಿಗೆ ಹಾಕುತ್ತಿದ್ದೀರೋ ಅದೊಂದನ್ನೇ ಜೋಡಿಸಿ ಉಳಿದವುಗಳ ಕೇಬಲ್ ತೆಗೆದಿಡುವುದು.

ಪೆನ್‌ಡ್ರೈವಿನ ವಿಷಯದಲ್ಲೂ ಎರಡು ಮಾತು. ಬೂಟ್ ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣುವುದುಂಟು, ಒಂದಕ್ಕೆ ‘ಯುಇಎಫ್‌ಐ’ ಎಂಬ ಪೂರ್ವಪದ ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಆರಿಸಬೇಕಾದ್ದು ಮೊದಲನೆಯದನ್ನು. ತಪ್ಪಾಗಿ ಆರಿಸಿದರೆ ‘ಈ ಡಿಸ್ಕ್ ಜಿಪಿಟಿ ಮಾದರಿಯದು, ವಿಂಡೋಸ್ ಹಾಕಲಾಗದು’ ಎಂಬ ಸಂದೇಶ ಬಂದು ನಿಲ್ಲುತ್ತದೆ. ಇನ್ನು, ಇನ್‌ಸ್ಟಾಲ್ ನಡುವೆ ಯಂತ್ರ ರೀಸ್ಟಾರ್ಟ್ ಆದಾಗ ಮತ್ತೆ ಮೊದಲ ಪುಟವೇ ಬಂದರೆ, ಅದು ಪೆನ್‌ಡ್ರೈವಿನಿಂದಲೇ ಮತ್ತೆ ಬೂಟ್ ಆಗಿದೆ ಎಂದರ್ಥ. ಆಗ ಪೆನ್‌ಡ್ರೈವ್ ಕಿತ್ತು ಬಿಡಿ.

ವ್ಯವಸ್ಥೆ ಎದ್ದ ಮೇಲೆ

ವಿಂಡೋಸಿನ ಸುತ್ತುವ ಚುಕ್ಕೆಗಳು ಕಂಡವೆಂದರೆ, ಅಥವಾ ಲಿನಕ್ಸಿನ ಸಾಲುಗಳು ಓಡತೊಡಗಿದವೆಂದರೆ, ಬೂಟ್ ಫೈಲೂ ಸಿಕ್ಕಿತು ಎಂದಾಯಿತು. ಈಗ ಕೆರ್ನಲ್ ಎಂಬ ತಿರುಳು ಮೆಮೊರಿಗೆ ಬಂದಿದೆ. ಅದು ತನ್ನ ಡ್ರೈವರುಗಳನ್ನು ಬಳಸಿ ಡಿಸ್ಕನ್ನು ಹೊಸದಾಗಿ ತೆರೆಯಬೇಕು. ಯುಇಎಫ್‌ಐಗೆ ಕಂಡ ಡಿಸ್ಕು ಕೆರ್ನಲ್ಲಿಗೆ ಕಾಣದೆ ಹೋಗಬಹುದು, ಇಬ್ಬರ ಡ್ರೈವರುಗಳು ಬೇರೆ ಬೇರೆ. ವಿಂಡೋಸಿನ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ಸಂದೇಶ, ಲಿನಕ್ಸಿನ ‘ಅನೇಬಲ್ ಟು ಮೌಂಟ್ ರೂಟ್’ ಎಂಬ ಸಂದೇಶ ಇದನ್ನೇ ಹೇಳುತ್ತವೆ. ಬಯಾಸಿನಲ್ಲಿ ಡಿಸ್ಕಿನ ಕ್ರಮವನ್ನು ಎಎಚ್‌ಸಿಐನಿಂದ ರೇಡ್‌ಗೆ ಬದಲಿಸಿದ್ದು ಸಾಮಾನ್ಯ ಕಾರಣ. ಇಂಟೆಲ್ 11ನೇ ತಲೆಮಾರಿನಿಂದೀಚಿನ ಅನೇಕ ಯಂತ್ರಗಳಲ್ಲಿ ವಿಎಂಡಿ ಎಂಬ ಸೌಲಭ್ಯ ಚಾಲೂ ಇದ್ದರೆ ವಿಂಡೋಸ್ ಇನ್‌ಸ್ಟಾಲರಿಗೆ ಎಸ್‌ಎಸ್‌ಡಿಯೇ ಕಾಣುವುದಿಲ್ಲ. ಇಂಟೆಲ್‌ನ ಡ್ರೈವರನ್ನು ಪೆನ್‌ಡ್ರೈವಿನಲ್ಲಿ ಕೊಡಬೇಕು, ಇಲ್ಲವೇ ವಿಂಡೋಸ್ ಹಾಕುವ ಮೊದಲೇ ವಿಎಂಡಿಯನ್ನು ಆರಿಸಬೇಕು.

ಈ ಹಂತದ ಡ್ರೈವರುಗಳಿಗೆ ಎಷ್ಟು ಅಧಿಕಾರವಿದೆ ಎಂಬುದನ್ನು ಇಡೀ ಜಗತ್ತು ಕಂಡದ್ದು 2024ರ ಜುಲೈ 19ರಂದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷಪೂರಿತ ಫೈಲಿನಿಂದ, ಮೈಕ್ರೊಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದುಬಿದ್ದವು. ಎಷ್ಟೋ ಯಂತ್ರಗಳು ಎದ್ದು, ಕುಸಿದು, ಮತ್ತೆ ಏಳುವ ಸುಳಿಯಲ್ಲಿ ಸಿಕ್ಕಿಕೊಂಡವು. ಬೆಂಗಳೂರೂ ಸೇರಿ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ಕೆಲಸಕ್ಕೆ ಅಡ್ಡಿಯಾಯಿತು, ದೇಶದ ಕೆಲವೆಡೆ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಪರಿಹಾರ ಕಂಡದ್ದು ಸೇಫ್ ಮೋಡ್‌ನಲ್ಲಿ. ತೀರ ಅಗತ್ಯವಾದ ಡ್ರೈವರುಗಳನ್ನು ಮಾತ್ರ ಬಳಸಿ ಎದ್ದು, ಆ ಫೈಲನ್ನು ಅಳಿಸಿ, ಮತ್ತೆ ಮಾಮೂಲಾಗಿ ಎಬ್ಬಿಸುವುದು. ಮನೆಯ ಯಂತ್ರಕ್ಕೂ ಇದೇ ಮಾತು ಅನ್ವಯ. ಸೇಫ್ ಮೋಡ್‌ನಲ್ಲಿ ಏಳುವ ಯಂತ್ರ ಮಾಮೂಲಿನಲ್ಲಿ ಏಳುತ್ತಿಲ್ಲ ಎಂದರೆ ತೊಂದರೆ ಬಹುಮಟ್ಟಿಗೆ ಆಮೇಲೆ ಸೇರಿಸಿದ ಡ್ರೈವರಿನಲ್ಲೋ ತಂತ್ರಾಂಶದಲ್ಲೋ ಇದೆ.

ಬಯಾಸ್ ಹೊಸದು ಹಾಕಿದ ಮೇಲೋ ಪ್ರೊಸೆಸರ್ ಬದಲಿಸಿದ ಮೇಲೋ ವಿಂಡೋಸ್ 48 ಅಂಕಿಗಳ ಬಿಟ್‌ಲಾಕರ್ ಕೀ ಕೇಳಿ ನಿಲ್ಲಬಹುದು. ಡಿಸ್ಕಿನ ಗುಪ್ತಲಿಪಿಯ ಕೀಯನ್ನು ಟಿಪಿಎಂ ಎಂಬ ಭದ್ರತಾ ಭಾಗ ಕಾಯುತ್ತದೆ, ಯಂತ್ರದ ಅಳತೆಗಳು ಬದಲಾದರೆ ಬಿಟ್ಟುಕೊಡುವುದಿಲ್ಲ. 2024ರ ಕೊನೆಯಿಂದ ವಿಂಡೋಸ್ 11ರ ಹೊಸ ಇನ್‌ಸ್ಟಾಲ್‌ಗಳಲ್ಲಿ, ಮೈಕ್ರೊಸಾಫ್ಟ್ ಖಾತೆಯಿಂದ ಒಳಹೊಕ್ಕರೆ, ಈ ಗುಪ್ತಲಿಪಿ ಕೇಳದೆಯೇ ಚಾಲೂ ಆಗುವುದಿದೆ. ಆ ಕೀಯನ್ನು ಮೊದಲ ದಿನವೇ ಕಾಗದದಲ್ಲಿ ಬರೆದಿಡಿ. ಅದಿಲ್ಲದೆ ಫೋಟೊಗಳು ಯಾವ ರಿಪೇರಿಯವರಿಗೂ ಸಿಗಲಾರವು.

ಕನ್ನಡ ಬರುವ ಮೊದಲು

ಈ ಸಂದೇಶಗಳೆಲ್ಲ ಇಂಗ್ಲಿಷಿನಲ್ಲೇ ಏಕೆ? ಯುಇಎಫ್‌ಐಯಲ್ಲಿ ಅಕ್ಷರಗಳು ಚುಕ್ಕಿಚಿತ್ರಗಳು, ಒಂದು ಸಂಕೇತಕ್ಕೆ ಒಂದು ಚಿತ್ರ. ಕನ್ನಡಕ್ಕೆ ಅಷ್ಟು ಸಾಲದು. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಯುನಿಕೋಡಿನ ಆರು ಸಂಕೇತಗಳಿವೆ. ಅವನ್ನು ಕೂಡಿಸಿ ಒತ್ತಕ್ಷರಗಳನ್ನೂ ದೀರ್ಘವನ್ನೂ ಅವುಗಳ ಜಾಗದಲ್ಲಿ ಕೂರಿಸಲು ಬೇರೆಯೇ ಒಂದು ತಂತ್ರಾಂಶ ಬೇಕು. ಅದು ಬರುವುದು ಕಾರ್ಯಾಚರಣಾ ವ್ಯವಸ್ಥೆಯ ಜೊತೆಗೆ. ವಿಂಡೋಸಿನಲ್ಲಿ ತುಂಗಾ ಫಾಂಟಿನೊಡನೆ ಕನ್ನಡ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ಅಂದರೆ ಡೆಸ್ಕ್‌ಟಾಪ್ ಮೂಡಿದ ಮೇಲೆ ಮಾತ್ರ ನಮ್ಮ ಯಂತ್ರ ಕನ್ನಡದಲ್ಲಿ ಮಾತಾಡುತ್ತದೆ. ಕೆಟ್ಟು ನಿಂತಾಗ, ಮನುಷ್ಯನಿಗೆ ತನ್ನ ಭಾಷೆ ಅತ್ಯಂತ ಬೇಕಾದ ಹೊತ್ತಿನಲ್ಲಿ, ಆ ಭಾಷೆ ಇರುವುದಿಲ್ಲ. ಕನ್ನಡ ಮಾತ್ರ ಬಲ್ಲ ಬಳಕೆದಾರರಿಗೆ ಇದು ನಿಜವಾದ ಅನ್ಯಾಯ, ಇದನ್ನು ಸರಿಪಡಿಸುವ ಕೆಲಸ ಇನ್ನೂ ಬಾಕಿ ಇದೆ. ಸದ್ಯಕ್ಕೆ ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆದುಕೊಳ್ಳಿ. ಸಂದೇಶದ ಒಂದೊಂದು ಅಕ್ಷರವೂ, ಕೆಳಗಿನ ಸಂಖ್ಯೆಯೂ ತಿಳಿದವರಿಗೆ ಸಾಕ್ಷ್ಯವಾಗುತ್ತದೆ.

ಹಂತ ಗೊತ್ತಿದ್ದರೆ ಅಂಗಡಿ ಗೊತ್ತು

ಕಂಪನಿಯೊಂದು ಜೋಡಿಸಿ ಮಾರಿದ ಕಂಪ್ಯೂಟರ್ ಕೆಟ್ಟರೆ ಒಂದೇ ಕಡೆ ದೂರು ಕೊಟ್ಟರೆ ಸಾಕು. ನೀವೇ ಜೋಡಿಸಿದ ಯಂತ್ರಕ್ಕೆ ಆ ಅನುಕೂಲವಿಲ್ಲ. ಮದರ್‌ಬೋರ್ಡಿನ ವಾರಂಟಿ ಒಂದು ಕಂಪನಿಯದು, ರ‍್ಯಾಮಿನದು ಇನ್ನೊಂದರದು, ಎಸ್‌ಎಂಪಿಎಸ್ಸಿನದು ಮತ್ತೊಂದರದು. ಯಾವ ಭಾಗ ಕೆಟ್ಟಿದೆ ಎಂದು ತೋರಿಸುವ ಹೊಣೆ ಕೊಂಡವರ ಮೇಲೆಯೇ ಬೀಳುತ್ತದೆ. ‘ಆನ್ ಆಗ್ತಿಲ್ಲ ಸಾರ್’ ಎಂದರೆ ಅಂಗಡಿಯವರು ಏನು ತಾನೇ ಮಾಡಿಯಾರು? ‘ಡಿರ‍್ಯಾಮ್ ದೀಪದಲ್ಲೇ ನಿಲ್ಲುತ್ತೆ ಸಾರ್. ಈ ಕಡ್ಡಿ ಹಾಕಿದ್ರೆ ಮಾತ್ರ. ಇನ್ನೊಂದು ಕಡ್ಡಿ ಅದೇ ಸ್ಲಾಟಲ್ಲಿ ಸರಿಯಾಗಿ ಬರುತ್ತೆ’ ಎಂದು ಹೇಳಿ, ಕಡ್ಡಿಯನ್ನು ಗಲ್ಲೆಯ ಮುಂದಿಟ್ಟರೆ ಮಾತು ಅಲ್ಲಿಗೇ ಇತ್ಯರ್ಥ.

ಇಂಥ ಮಾತು ಆಡಬೇಕಾದರೆ ಒಂದು ಶಿಸ್ತು ಬೇಕು: ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವುದು. ರ‍್ಯಾಮು, ಕೇಬಲ್ಲು, ಬಯಾಸ್ ಮೂರನ್ನೂ ಒಟ್ಟಿಗೆ ಬದಲಿಸಿದಾಗ ಯಂತ್ರ ಎದ್ದರೂ ಯಾವುದರಿಂದ ಎದ್ದಿತು ಎಂಬುದು ತಿಳಿಯದೆ ಉಳಿಯುತ್ತದೆ, ತೊಂದರೆ ಮರಳಿ ಬಂದಾಗ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ. ಅಗತ್ಯವಿಲ್ಲದ್ದನ್ನೆಲ್ಲ ತೆಗೆದು ಬೋರ್ಡು, ಪ್ರೊಸೆಸರ್, ಒಂದು ರ‍್ಯಾಮ್ ಕಡ್ಡಿ, ಒಂದು ಪರದೆ, ಒಂದು ಕೀಬೋರ್ಡ್ ಇಷ್ಟರಿಂದ ಶುರುಮಾಡಿ. ಒಂದೊಂದಾಗಿ ಸೇರಿಸುತ್ತ ಹೋಗಿ. ಪ್ರತಿ ಸಲ ಯಂತ್ರ ಎಲ್ಲಿಯವರೆಗೆ ಬಂತು ಎಂದು ಒಂದು ಹಾಳೆಯಲ್ಲಿ ಬರೆಯಿರಿ: ಫ್ಯಾನ್, ದೀಪ, ಚಿಹ್ನೆ, ಚುಕ್ಕೆಗಳು, ಡೆಸ್ಕ್‌ಟಾಪ್.

‘ಫಾರ್ಮ್ಯಾಟ್ ಹೊಡೆದುಬಿಡೋಣ’ ಎಂಬ ಸಲಹೆ ನಮ್ಮಲ್ಲಿ ಬಹಳ ಬೇಗ ಬರುತ್ತದೆ. ಡಿಸ್ಕಿನವರೆಗೆ ತಲುಪದೇ ನಿಂತ ಯಂತ್ರಕ್ಕೆ ಅದರಿಂದ ಕಿಂಚಿತ್ತೂ ಲಾಭವಿಲ್ಲ, ಅಳಿಯುವುದು ಮನೆಯ ನೆನಪುಗಳು ಮಾತ್ರ. ಬೂಟ್ ಫೈಲು ಕಳೆದುಹೋದ ಯಂತ್ರಕ್ಕೆ ಒಂದು ಆಜ್ಞೆ ಸಾಕು, ಫಾರ್ಮ್ಯಾಟ್ ಬೇಡ. ಡ್ರೈವರ್ ಕೆಟ್ಟಿದ್ದರೆ ಸೇಫ್ ಮೋಡ್ ಸಾಕು. ಯಾರಾದರೂ ನಿಮ್ಮ ಡಿಸ್ಕನ್ನು ಅಳಿಸಲು ಮುಂದಾದರೆ, ಯಂತ್ರ ಯಾವ ಹಂತದಲ್ಲಿ ನಿಂತಿದೆ ಎಂದು ಮೊದಲು ಕೇಳಿ. ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಡಿಸ್ಕನ್ನು ಅವರ ಕೈಗೆ ಕೊಡಬೇಡಿ.